ಅರ್ಕಾ ಶ್ಯಾಮ್ ಮಾಗಿದ ವರ್ಷ

ನಾನು ವೈನಿನ ಮೊದಲ ಗುಟುಕು ಕುಡಿದಾಗ ನಲವತ್ತು ದಾಟಿತ್ತು. ಮನೆಯಲ್ಲೇ ನೆಲ್ಲಿಕಾಯಿ, ನಿಂಬೆಹಣ್ಣಿನ ಷರಬತ್ತು ಮಾಡಿ ದಾವಣಗೆರೆಯ ಅಂಗಡಿಗಳಿಗೆ ಕೊಡುತ್ತಿದ್ದೆ. ದ್ರಾಕ್ಷಿ ರಸವನ್ನು ಕೆಡದಂತೆ ಇಡುವುದು ಹೇಗೆಂದು ಕಲಿಯಲು ಬೆಂಗಳೂರಿನ ಒಂದು ತರಬೇತಿಗೆ ಹೋಗಿದ್ದೆ. ಕೊನೆಯ ದಿನ ಅಲ್ಲಿಯವರು ರಸದ ಪಕ್ಕದಲ್ಲಿ ಅದೇ ಹಣ್ಣಿನ ವೈನನ್ನೂ ಪುಟ್ಟ ಲೋಟಗಳಲ್ಲಿ ಇಟ್ಟರು. ಹಣ್ಣಿನ ಹೆಸರು ಅರ್ಕಾ ಶ್ಯಾಮ್. ಎಲ್ಲರಿಗೂ ಗೊತ್ತಿರುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಇನ್ನೊಂದು ಕಪ್ಪು ದ್ರಾಕ್ಷಿಯೊಂದಿಗೆ ಕೂಡಿಸಿ ನಮ್ಮ ರಾಜ್ಯದಲ್ಲೇ ಬೆಳೆಸಿದ ತಳಿ. ತಿನ್ನಲೂ ಆಗುತ್ತದೆ, ಕೆಂಪು ವೈನಿಗೂ ಒದಗುತ್ತದೆ. ಬೀಜ ಇರುವುದರಿಂದ ಮಾರುಕಟ್ಟೆಯಲ್ಲಿ ಕೇಳುವವರು ಕಡಿಮೆ. ಹಾಗಾಗಿ ಬೆಳೆಯುವವರೂ ಕಡಿಮೆ.

ನಾನು ಲಿಂಗ ಕಟ್ಟಿದ ಮನೆಯ ಸೊಸೆ. ಲೋಟವನ್ನು ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದೆ, ಆಮೇಲೆ ಕುಡಿದೆ. ಸಿಹಿ ಇರುತ್ತದೆ ಅಂದುಕೊಂಡಿದ್ದೆ, ಇರಲಿಲ್ಲ. ನೇರಳೆಹಣ್ಣು ತಿಂದಾಗ ನಾಲಿಗೆಯನ್ನು ಹಿಡಿಯುವಂಥ ಒಗರು, ಅದರ ಹಿಂದೆ ತೆಳ್ಳಗೆ ಹುಳಿ. ರೈಲಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಆ ರುಚಿಯೇ ತಲೆಯಲ್ಲಿತ್ತು.

ನಮ್ಮ ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಮಾವ ಜೀವಮಾನವೆಲ್ಲ ಬಟ್ಟೆ ಅಂಗಡಿ ನಡೆಸಿ, ಅದನ್ನು ಮಗನಿಗೆ ಬಿಟ್ಟುಕೊಟ್ಟಿದ್ದರು. ಹರಿಹರದಾಚೆ ಕಡರನಾಯಕನಹಳ್ಳಿಯ ಹತ್ತಿರ ಅವರದು ಗದ್ದೆ ಇತ್ತು. ಗದ್ದೆಯ ಮೇಲ್ಬದಿಗೆ, ಕಾಲುವೆ ನೀರು ಹತ್ತದ ಎತ್ತರದಲ್ಲಿ, ಒಂದೆಕರೆಯಷ್ಟು ಕಲ್ಲುನೆಲ ಜಾಲಿ ಬೆಳೆದು ಬಿದ್ದಿತ್ತು. ಭತ್ತಕ್ಕೆ ಬಾರದ ಆ ನೆಲ ದ್ರಾಕ್ಷಿಗೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಅನ್ನಿಸಿತು. ಮೊದಲು ಗಂಡನಿಗೆ ಹೇಳಿದೆ. ಅವರು ನಕ್ಕು, ಅಪ್ಪನನ್ನು ಕೇಳುವ ಧೈರ್ಯ ನಿನಗಿದ್ದರೆ ನನ್ನದೇನೂ ಅಡ್ಡಿಯಿಲ್ಲ ಅಂದರು.

ಮಾವ ಬೆಳಗಿನ ಪೂಜೆ ಮುಗಿಸಿ ಕೂತಿದ್ದಾಗ ಕೇಳಿದೆ. ಯಾವ ಹಣ್ಣು, ಯಾರು ಕೊಳ್ಳುತ್ತಾರೆ, ಕೊಂಡವರು ಅದರಿಂದ ಏನು ಮಾಡುತ್ತಾರೆ, ಯಾವುದನ್ನೂ ಮುಚ್ಚಿಡಲಿಲ್ಲ. ಹೊಸಪೇಟೆ ಕಡೆ ಗಂಡ ಹೆಂಡತಿ ಸೇರಿ ನಡೆಸುವ ಒಂದು ಸಣ್ಣ ವೈನರಿಯವರು ಹಣ್ಣು ತೆಗೆದುಕೊಳ್ಳಲು ಒಪ್ಪಿದ್ದರು. ಮಾವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ನೀನು ಕುಡಿತೀಯೇನವ್ವ?"

"ಇಲ್ರಿ ಮಾವ. ರುಚಿ ನೋಡೀನಿ ಅಷ್ಟೆ."

"ರುಚಿ ನೋಡೋದೂ ಕುಡಿಯೋದೇ. ನನ್ ಹತ್ರ ಎರಡು ಮಾತು ಬ್ಯಾಡ."

"ಹಂಗಾದ್ರೆ ಕುಡಿದೀನ್ರಿ," ಅಂದೆ.

ಅವರು ಎದ್ದು ಒಳಗೆ ಹೋದರು. ಇನ್ನು ಈ ಮಾತು ಎತ್ತುವಂತಿಲ್ಲ ಅಂದುಕೊಂಡೆ. ಮಾರನೆಯ ದಿನ ಮಾವ ಗದ್ದೆಗೆ ಹೋಗಿ ಜಾಲಿ ಕಡಿಸಲು ಆಳುಗಳನ್ನು ಗೊತ್ತು ಮಾಡಿ ಬಂದರು. ನನಗೆ ಊಟಕ್ಕೆ ಬಡಿಸುವಾಗ ಗಂಡನಿಂದ ವಿಷಯ ತಿಳಿಯಿತು.

ಸುದ್ದಿ ಮಲೆಬೆನ್ನೂರಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಅಲ್ಲಿ ಮಾವನ ತಂಗಿ ಇದ್ದಾರೆ. ನಮಗೆಲ್ಲ ಅವರು ಮಲೆಬೆನ್ನೂರತ್ತೆ. ಒಂದು ದಿನ ಬಸ್ಸಿಳಿದು ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಅಣ್ಣನೊಂದಿಗೆ ಮಾತಾಡಿದರು. ಹೆಂಡ ಮಾಡುವ ಹಣ್ಣು ಬೆಳೆಯುವ ಮನೆಯಲ್ಲಿ ತಾನು ಊಟ ಮಾಡುವುದಿಲ್ಲ ಅಂದರು. ನಾನು ತಂದ ನೀರನ್ನೂ ಮುಟ್ಟದೆ ಹೋದರು. ಮಾವ ತಡೆಯಲಿಲ್ಲ, ವಾದವನ್ನೂ ಮಾಡಲಿಲ್ಲ. ಈ ಅತ್ತೆಯೇ ನನ್ನ ಮದುವೆಯಲ್ಲಿ ಸೀರೆ ನೆರಿಗೆ ಹಿಡಿದು ಉಡಿಸಿದವರು. ಅವತ್ತು ಅಡುಗೆಮನೆಗೆ ಹೋಗಿ ತುಂಬ ಹೊತ್ತು ಅತ್ತೆ ಮುಟ್ಟದ ಚೊಂಬಿನ ಮುಂದೆ ನಿಂತಿದ್ದೆ.

ಮೊದಲ ವರ್ಷ ಕಡ್ಡಿ ನೆಟ್ಟು, ಕೆಳಗಿನಿಂದ ಪಂಪಿನಲ್ಲಿ ನೀರು ಎತ್ತಿ, ಬಳ್ಳಿ ಹಬ್ಬಿಸುವುದರಲ್ಲೇ ಹೋಯಿತು. ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿಸಿದೆವು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಗೊಂಚಲುಗಳು ಹಸಿರು ಬಿಟ್ಟು ಕಪ್ಪಿಗೆ ತಿರುಗಿದವು. ಹಣ್ಣಿನ ಸಿಹಿ ಅಳೆಯಲು ನನ್ನ ಬಳಿ ದುರ್ಬೀನಿನಂಥ ಸಣ್ಣ ಉಪಕರಣವಿತ್ತು. ಗಾಜಿನ ಮೇಲೆ ಒಂದು ಹನಿ ರಸ ಹಿಂಡಿ ಬೆಳಕಿಗೆ ಹಿಡಿದರೆ ಒಳಗೆ ಅಂಕಿ ಕಾಣುತ್ತದೆ. ಒಂದು ಬೆಳಿಗ್ಗೆ ಮಾವ ಅದನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ನೋಡಿದರು. ಆಮೇಲೆ ಅದು ಅವರದೇ ಕೆಲಸವಾಯಿತು. ಬಸ್ಸು ಹಿಡಿದು ಹರಿಹರಕ್ಕೆ, ಅಲ್ಲಿಂದ ತೋಟಕ್ಕೆ ಹೋಗಿ ಅಂಕಿ ನೋಡಿ ನನಗೆ ಫೋನ್ ಮಾಡುತ್ತಿದ್ದರು.

ಕೊಯ್ಲು ಹತ್ತಿರ ಬಂದಾಗ ಅಕಾಲದ ಮೋಡ ಕಟ್ಟಿತು. ಸಿಹಿ ಇನ್ನೂ ಸಾಲದು, ಕಾಯಿರಿ ಎಂದು ವೈನರಿಯವರು ಅಂದರು. ಮಳೆ ಬಿದ್ದರೆ ಹಣ್ಣು ಒಡೆಯುತ್ತದೆ, ಈಗಲೇ ಕೀಳಿಸಿ ಎಂದು ಪಕ್ಕದ ಗದ್ದೆಯವರು ಅಂದರು. ನಾನು ಕಾಯೋಣ ಅಂದೆ. ಅವತ್ತು ಸಂಜೆಯೇ ಮಳೆ ಬಂತು. ಬೆಳಿಗ್ಗೆ ನಾನೂ ಮಾವನೂ ಸಾಲುಸಾಲಾಗಿ ನೋಡುತ್ತ ಹೋದೆವು. ತುದಿಯ ಕೆಲವು ಗೊಂಚಲು ಕೆಟ್ಟಿದ್ದವು. ಉಳಿದವುಗಳ ಹಣ್ಣು ಒಡೆಯದೆ ಗಟ್ಟಿಯಾಗಿ, ನೀರು ತೊಟ್ಟಿಕ್ಕುತ್ತ ಹಾಗೇ ನಿಂತಿದ್ದವು. ಬಿಸಿಲು ಮರಳಿತು, ಅಂಕಿಯೂ ಏರಿತು.

ಆದರೆ ಕೀಳಲು ಜನ ಸಿಗಲಿಲ್ಲ. ಬೇಸಿಗೆ ಭತ್ತದ ಗದ್ದೆಗಳಲ್ಲಿ ಕಳೆ ತೆಗೆಯುವ ಕಾಲ, ಹೆಂಗಸರೆಲ್ಲ ಅಲ್ಲಿಗೆ ಹೋಗಿದ್ದರು. ನಾನು, ಗಂಡ, ಮಾವ ಮೂವರೇ ಬುಟ್ಟಿ ಹಿಡಿದು ಶುರು ಮಾಡಿದ್ದೆವು. ಅಷ್ಟರಲ್ಲಿ ಮಲೆಬೆನ್ನೂರು ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂದು ಬದುವಿನ ಬಳಿ ನಿಂತಿತು. ಟ್ರಾಲಿಯ ತುಂಬ ಹೆಂಗಸರು, ನಡುವೆ ಅತ್ತೆ. ಯಾರು ಹೇಳಿ ಕಳಿಸಿದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮಾವನನ್ನು ಕೇಳಿದರೆ ಮಾತು ಬದಲಿಸುತ್ತಾರೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹತ್ತಿರ ಬಂದರು.

"ಬೆಳೆದ ಹಣ್ಣು ಬಳ್ಳಿ ಮ್ಯಾಲೆ ಕೊಳೀಬಾರ್ದು. ಅದಕ್ಕೆ ಬಂದೀನಿ," ಅಂದರು. "ಮುಂದೆ ಅದನ್ನ ಏನ್ ಮಾಡ್ತಾರೋ ನಂಗೆ ಹೇಳಬ್ಯಾಡ. ಕತ್ರಿ ಎಲ್ಲೈತೆ?"

ಮಧ್ಯಾಹ್ನಕ್ಕೆ ತೋಟ ಖಾಲಿಯಾಯಿತು. ಬೇವಿನ ಮರದ ಕೆಳಗೆ ನಾನು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಅತ್ತೆ ಕೈ ಚಾಚಿ ರೊಟ್ಟಿ ತೆಗೆದುಕೊಂಡರು. ಚಟ್ನಿಗೆ ಬೆಳ್ಳುಳ್ಳಿ ಕಡಿಮೆಯಾಗಿದೆ ಅಂದರು. ನನಗೆ ಅಷ್ಟು ಸಾಕಿತ್ತು.

ಮುಂದಿನ ವರ್ಷ ವೈನರಿಯಿಂದ, ಚೀಟಿ ಅಂಟಿಸದ ಒಂದು ಬಾಟಲಿ ಬಂತು. ನಾನೂ ಗಂಡನೂ ಅಡುಗೆಮನೆಯಲ್ಲಿ ತೆರೆದೆವು. ನೇರಳೆಹಣ್ಣಿನ ವಾಸನೆ, ಸ್ವಲ್ಪ ಕಾಳುಮೆಣಸಿನ ಖಾರ. ಒಗರು ಕೊಂಚ ಜಾಸ್ತಿಯೇ ಇತ್ತು. ಬಳ್ಳಿಗೆ ವಯಸ್ಸಾದಂತೆ ಮೆತ್ತಗಾಗುತ್ತದಂತೆ. ಹಜಾರದಿಂದ ಮಾವ, ಲೋಟ ಇತ್ತ ತಾ, ಬಣ್ಣ ನೋಡ್ತೀನಿ ಅಂದರು. ಕಿಟಕಿಯ ಬೆಳಕಿಗೆ ಹಿಡಿದು, ಸೀರೆಯ ಅಂಚನ್ನು ಪರೀಕ್ಷಿಸುವವರಂತೆ ಅತ್ತ ಇತ್ತ ತಿರುಗಿಸಿ ನೋಡಿದರು. "ಗಟ್ಟಿ ಬಣ್ಣ," ಎಂದು ಹೇಳಿ ವಾಪಸು ಕೊಟ್ಟರು. ತುಟಿಗೆ ತಾಗಿಸಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಅವತ್ತು ಟ್ರ್ಯಾಕ್ಟರಿನಲ್ಲಿ ಬಂದಿದ್ದವರಲ್ಲಿ ಅಕ್ಕತಂಗಿಯರಿಬ್ಬರು ಈ ಸಲ ನೆಡಲು ಬಳ್ಳಿಯ ಕಡ್ಡಿ ಕೇಳಿದ್ದಾರೆ. ಅವರ ಹೊಲದಲ್ಲೂ ನೀರು ಹತ್ತದ ಒಂದು ತುಂಡು ಇದೆಯಂತೆ. ಸವರಿದ ಬಳ್ಳಿಯಿಂದ ಕಡ್ಡಿ ಆರಿಸಿ, ಮಣ್ಣು ತುಂಬಿದ ಚೀಲಗಳಲ್ಲಿ ಊರಿ ಮಹಡಿಯ ಮೇಲೆ ನೆರಳಿನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ನೀರು ಹಾಕುವುದು ಮಾವ. ನಿನ್ನೆ ಮೇಲಿನಿಂದ ಕರೆದರು. ಹೋಗಿ ನೋಡಿದರೆ ಹೆಚ್ಚುಕಮ್ಮಿ ಎಲ್ಲ ಕಡ್ಡಿಗಳ ಗಿಣ್ಣಿನಲ್ಲೂ ಎಳೆಗೆಂಪು ಚಿಗುರು ಒಡೆದಿತ್ತು.