ಮುರುಗಪ್ಪನವರ ಕಾಲು

ಹೊಳಲ್ಕೆರೆಯಲ್ಲಿ ಕಾರು ಕಲಿತವರ ಲೈಸೆನ್ಸಿನಲ್ಲಿ ಫೋಟೋ ಅವರದು, ಕಾಲು ಮಾತ್ರ ಮುರುಗಪ್ಪನವರದು ಎಂದು ಊರಲ್ಲೊಂದು ಮಾತಿದೆ. ಅವರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಕ್ಲಚ್ಚು, ಬ್ರೇಕು ಇವೆ. ಸಾಲದೆಂದು ಮುರುಗಪ್ಪನವರು ಆಕ್ಸಿಲರೇಟರನ್ನೂ ಹಾಕಿಸಿಕೊಂಡಿದ್ದಾರೆ. ಕಲಿಯುವವರು ಹೆದರಿ ವೇಗ ಇಳಿಸಿದರೆ ಅವರ ಕಾಲು ಸದ್ದಿಲ್ಲದೆ ಅದನ್ನು ಒತ್ತುತ್ತದೆ. ಹುರುಪಿನಲ್ಲಿ ಏರಿಸಿದರೆ ಬ್ರೇಕಿಗೆ ಸರಿಯುತ್ತದೆ. ಬಾಯಿ ಮಾತ್ರ, "ಭೇಷ್, ಚೆನ್ನಾಗಿ ಹೊಡಿತಿದೀಯ" ಎನ್ನುತ್ತಿರುತ್ತದೆ. ಮೋಸವೇನಲ್ಲ. ಎದುರಿನವರ ಮುಖ ಬಾಡಿದರೆ ಅವರಿಗೆ ಅಂದು ಊಟ ಸೇರುವುದಿಲ್ಲ, ಅಷ್ಟೇ.

ಈ ಸಲ ಕಲಿಯಲು ಕೂತವರು ಅವರ ಹೆಂಡತಿ ಕಮಲಮ್ಮ. ಮಾಡದಕೆರೆಯ ತವರಿಗೆ ಯಾರನ್ನೂ ಕಾಯದೆ ತಾನೇ ಕಾರು ಓಡಿಸಿಕೊಂಡು ಹೋಗಬೇಕೆಂಬುದು ಅವರ ಆಸೆ. ಕಲಿಯತೊಡಗಿ ತಿಂಗಳಾದರೂ ಕಾರು ಒಮ್ಮೆಯೂ ಕುಲುಕಲಿಲ್ಲ, ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಕಮಲಮ್ಮನಿಗೆ ಅದೇ ಅನುಮಾನ.

ಪರೀಕ್ಷೆಯ ಹಿಂದಿನ ದಿನ ಮುರುಗಪ್ಪನವರ ತಂಗಿಯ ಮಗಳು ಬಿಂದು ಬಂದಳು. ಅವಳು ವಿಮಾನ ರಿಪೇರಿಯ ಕೋರ್ಸ್ ಓದುತ್ತಿದ್ದಾಳೆ. ಹಿಂದಿನ ಸೀಟಿನಲ್ಲಿ ಕೂತು, ಅತ್ತೆಯ ಡ್ರೈವಿಂಗಿನಲ್ಲಿ ಒಂದು ಸುತ್ತು ಹೋಗಿ ಬಂದವಳು ನಗತೊಡಗಿದಳು.

"ಮಾವ, ವಿಮಾನದಾಗೂ ನಿನ್ನಂಥೋರು ಒಬ್ರು ಅವ್ರೆ. ಆಟೋಥ್ರಾಟಲ್ ಅಂತಾರೆ. ವೇಗ ತೀರಾ ಇಳಿದ್ರೆ ರೆಕ್ಕೆ ವಿಮಾನನ ಹೊರಲ್ಲ, ಬೀಳತೈತೆ. ಅಷ್ಟು ಇಳಿಯೋ ಮೊದ್ಲೇ ಅದು ಎಂಜಿನ್ನಿಗೆ ಶಕ್ತಿ ಕೊಡತೈತೆ. ತೀರಾ ಏರಿದ್ರೆ ತಾನೇ ತಗ್ಗಿಸತೈತೆ."

ಮುರುಗಪ್ಪನವರು ಮೀಸೆ ಸವರಿಕೊಂಡರು. "ಲೇ ಕಮಲಾ, ಕೇಳಿದ್ಯಾ? ವಿಮಾನದಾಗೂ ನನ್ನ ಕಾಲೈತಂತೆ!"

"ಪೂರ್ತಿ ಕೇಳು ಮಾವ. ಎಷ್ಟೋ ವಿಮಾನದಾಗೆ ಅದು ಶಕ್ತಿ ಕೊಟ್ಟಾಗ ಪೈಲಟ್ ಕೈಹತ್ರದ ಹಿಡಿಕೆ ತಾನಾಗೇ ಸರಿಯೋದು ಕಾಣತೈತೆ. ನಿನ್ನ ಥರ ಕದ್ದು ಒತ್ತಲ್ಲ. ಒಂದೊಂದು ಸಲ ಅದು ಕೆಲಸಕ್ಕೆ ಏಳೋದೂ ಇಲ್ಲ. ಅದೈತಲ್ಲ, ನೋಡ್ಕಳ್ತೈತೆ ಅಂತ ಪೈಲಟ್ ವೇಗದ ಕಡೆ ನೋಡೋದು ಬಿಟ್ಟ ಅನ್ನು, ಕೆಟ್ಟ."

ಕಮಲಮ್ಮ ಮೆಲ್ಲಗೆ ಗಂಡನ ಕಡೆ ತಿರುಗಿದರು. "ಹಂಗಾರೆ ಒಂದು ತಿಂಗಳಿಂದ ಕಾರು ಹೊಡೀತಿರೋರು ಯಾರ್ರೀ?"

ಮುರುಗಪ್ಪನವರು ಒರೆಸಿದ್ದ ಕಾರಿನ ಗಾಜನ್ನೇ ಮತ್ತೆ ಒರೆಸತೊಡಗಿದರು.

"ನಾಳೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕಂಡು ಕುಂತ್ಕಳ್ರಿ. ಕಾಲು ಕೆಳಗೆ ಬಂತೋ, ಆ ಲೈಸೆನ್ಸ್ ನೀವೇ ಇಟ್ಕಳ್ರಿ. ನಂಗೆ ಬ್ಯಾಡ."

ಮರುದಿನ ಚಿತ್ರದುರ್ಗದ ಹೊರಗಿನ ಮೈದಾನದಲ್ಲಿ ಪರೀಕ್ಷೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಯಾರ ಕಾಲಿನ ಹಂಗೂ ಇಲ್ಲದೆ ತಿರುಗುತ್ತಿದ್ದವು. ಸಣ್ಣ ಏರಿನ ನಡುವೆ ಕಾರು ನಡುಗಿತು. ಪಕ್ಕದ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಮುರುಗಪ್ಪನವರು ಕಾಲಿನ ಎರಡೂ ಹೆಬ್ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿದರು. ಎಂಜಿನ್ ನಿಂತಿತು. ಕಾರು ಹಿಂದಕ್ಕೆ ಜಾರಿತು. ಕಮಲಮ್ಮ ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕನ್ನೂ ಎಳೆದು ನಿಲ್ಲಿಸಿದರು.

ಹೊರಗೆ ನಿಂತಿದ್ದ ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. "ಏನ್ ಮುರುಗಪ್ಪೋರೆ, ಪೂಜೆಗೆ ಕುಂತಂಗೆ ಕುಂತೀರಾ? ಅಮ್ಮಾ, ಫೇಲು. ಇನ್ನೊಂದ್ಸಲ ಬರ್ರಿ."

ಅದು ಆ ಸ್ಕೂಲಿನ ಮೊದಲ ಫೇಲು. ಮುರುಗಪ್ಪನವರು ಒಂದೇ ಕಣ್ಣು ತೆರೆದು ಹೆಂಡತಿಯ ಮುಖ ನೋಡಿದರು. ಅದು ಬಾಡಿರಲಿಲ್ಲ.

"ಆಫ್ ಮಾಡಿದ್ದು ನಾನೇ ಅಲ್ವೇನ್ರೀ?"

"ನೀನೇ."

"ಜಾರೋವಾಗ ಹಿಡಿದಿದ್ದು?"

"ಅದೂ ನೀನೇ ಕಣೇ."

ಹೊಳಲ್ಕೆರೆಗೆ ವಾಪಸು ಕಮಲಮ್ಮನೇ ಓಡಿಸಿದರು. ದಾರಿಯಲ್ಲಿ ಎಂಜಿನ್ ನಿಂತಾಗ ಹಿಂದಿನ ಲಾರಿಗಳು ಹಾರನ್ ಬಾರಿಸಿ ಊರೆಲ್ಲ ಎಬ್ಬಿಸಿದವು. ಮುರುಗಪ್ಪನವರು ಹೆಬ್ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಪಾದ ಸೀಟಿನಿಂದ ಇಳಿಯಲಿಲ್ಲ.

ಮನೆ ಮುಂದೆ ಕಾರು ನಿಂತಿತು, ಈ ಸಲ ಬೇಕೆಂದೇ. ಮುರುಗಪ್ಪನವರು ಇಳಿಯಲಿಲ್ಲ. ಕಾಲೆರಡೂ ಜೋಮು ಹಿಡಿದಿದ್ದವು. ಕಮಲಮ್ಮ ಸುತ್ತಿ ಬಂದು ಬಾಗಿಲು ತೆಗೆದು ಕೈ ಚಾಚಿದರು.

"ಏಳ್ರಿ. ಈಗ ಇಡ್ರಿ ಕಾಲು ಕೆಳಗೆ."