ಹ್ಯಾಮ್ ಪೊಟ್ಟಣದ ಹಿಂಬದಿ

ಅಂಧೇರಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಎರಡು ವರ್ಷ ನಾನು ಬೇಳೆಕಾಳಿನ ವಿಭಾಗದಲ್ಲಿದ್ದೆ. ಮಾಂಸದ ವಿಭಾಗದ ಹೆಂಗಸು ಕೆಲಸ ಬಿಟ್ಟಾಗ ಮ್ಯಾನೇಜರು ನನ್ನನ್ನು ಅಲ್ಲಿಗೆ ಹಾಕಿದರು. ನಾನು ಬಾಗಲಕೋಟೆ ಕಡೆಯವಳು. ನಮ್ಮ ಮನೆಯೊಳಗೆ ತತ್ತಿ ಕೂಡ ಬಂದದ್ದಿಲ್ಲ. ಆವತ್ತು ಮುಲುಂಡಿನ ಚಾಳಿನಲ್ಲಿದ್ದ ನಮ್ಮ ಒಂದೇ ಕೋಣೆಯ ಮನೆಗೆ ಬಂದು ಅಳುಮೋರೆ ಮಾಡಿಕೊಂಡು ಕೂತೆ. ನನ್ನ ಗಂಡ ಕಟ್ಟಡಗಳಲ್ಲಿ ಟೈಲ್ಸ್ ಕೂರಿಸುವ ಕೆಲಸದವನು. ಎಲ್ಲ ಕೇಳಿಸಿಕೊಂಡು, "ಕಟ್ಟಿದ ಪಾಕೀಟ ಜೋಡಿಸಿ ಇಡೋದಷ್ಟ ಅಲ್ಲೇನು? ಬಂದ ಮ್ಯಾಲೆ ಕೈಕಾಲು ತೊಳಕೊಂಡ್ರ ಆತು" ಅಂದ. ಅವನ ಮಾತಿನ ಧೈರ್ಯದ ಮೇಲೆ ಮರುದಿನ ಹೋದೆ.

ಆ ವಿಭಾಗದಲ್ಲಿ ಮಾಂಸ ಕತ್ತರಿಸಿ ಕೊಡುತ್ತಿದ್ದವರು ಉಡುಪಿ ಕಡೆಯ ಒಬ್ಬ ಹಿರಿಯರು. ಬಹಳ ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ಬಂದಿದ್ದರು. ಕತ್ತಿ ಹಿಡಿಯುವ ಕೆಲಸವೆಲ್ಲ ಅವರದು. ಪರದೇಶದಿಂದ ಬರುವ ಹ್ಯಾಮ್, ಸಾಸೇಜ್, ಸಲಾಮಿಗಳ ಪೊಟ್ಟಣಗಳು ನನ್ನ ಪಾಲಿಗೆ ಬಂದವು. ಹಂದಿಮಾಂಸವನ್ನು ಉಪ್ಪಿನಲ್ಲಿ ಹದಮಾಡಿದರೆ ಹ್ಯಾಮ್ ಆಗುತ್ತದೆಂದು ನನಗೆ ಗೊತ್ತಾದದ್ದೇ ಅಲ್ಲಿ. ಮೊದಲ ಕೆಲವು ದಿನ ಪೊಟ್ಟಣಗಳ ಕಡೆ ಕಣ್ಣೆತ್ತಿ ನೋಡದೆ, ಕೈಗವಸು ಹಾಕಿಕೊಂಡು ಸರಸರನೆ ಇಟ್ಟುಬಿಡುತ್ತಿದ್ದೆ.

ಕ್ರಿಸ್‌ಮಸ್ ಹತ್ತಿರವಿದ್ದಾಗ ವಿಲೆ ಪಾರ್ಲೆಯಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಒಂದು ಹ್ಯಾಮ್ ಪೊಟ್ಟಣ ತೋರಿಸಿ, ಇದು ಯಾವ ದೇಶದ್ದು ಎಂದು ಹಿಂದಿಯಲ್ಲಿ ಕೇಳಿದರು. ಮುಂಬದಿಯಲ್ಲಿ ಇಟಲಿಯ ಬಾವುಟದಂತೆ ಹಸಿರು, ಬಿಳಿ, ಕೆಂಪು ಬಣ್ಣದ ಪಟ್ಟಿಯಿತ್ತು. ಹೆಸರೂ ಆ ಕಡೆಯದೇ ಅನ್ನಿಸಿತು. ಇಟಲಿ ಅಂದೆ. ಅವರು ಕನ್ನಡಕ ಹಾಕಿಕೊಂಡು ಪೊಟ್ಟಣ ತಿರುಗಿಸಿ, ಸಣ್ಣಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಸ್ಪೇನ್ ಎಂದಿತ್ತು. ಬೈಯಲಿಲ್ಲ. ತಾವು ನರ್ಸ್ ಆಗಿದ್ದವರೆಂದೂ, ಬಾಟಲಿಯ ಮೇಲಿನ ಚೀಟಿ ಪೂರ್ತಿ ಓದದೆ ಯಾವ ರೋಗಿಗೂ ಔಷಧಿ ಕೊಟ್ಟವರಲ್ಲವೆಂದೂ ಹೇಳಿ, ಅದೇ ಪೊಟ್ಟಣ ಕೊಂಡು ಹೋದರು. ನನ್ನ ಕಿವಿ ಬಿಸಿಯಾಗಿತ್ತು. ಹತ್ತನೆಯ ತರಗತಿವರೆಗೆ ಓದಿದವಳು ನಾನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಬಂದೂ ಓದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹಿರಿಯರ ಹತ್ತಿರ ಹೇಳಿಕೊಂಡೆ. ಅವರು ಡಬ್ಬಿ ಮುಚ್ಚಿಟ್ಟು, ಅದೇ ಹ್ಯಾಮಿನ ಇನ್ನೊಂದು ಪೊಟ್ಟಣ ತಂದು ನನ್ನ ಮುಂದಿಟ್ಟರು. ಮುಂಬದಿಯ ಬಾವುಟ, ಬೆಟ್ಟ, ಹುಲ್ಲುಗಾವಲು ಎಲ್ಲ ಬರೀ ಅಲಂಕಾರ ಅಂದರು. ಹಿಂದೆ ಮೂಲ ದೇಶ ಬೇರೆ ಬರೆದಿರುತ್ತಾರೆ, ಪ್ಯಾಕ್ ಮಾಡಿದ ಜಾಗ ಬೇರೆ, ಇಲ್ಲಿಗೆ ತರಿಸಿಕೊಂಡ ವ್ಯಾಪಾರಿಯ ವಿಳಾಸ ಬೇರೆ. ಮೂಲೆಯಲ್ಲಿ ಮೊಟ್ಟೆಯಾಕಾರದ ಒಂದು ಮುದ್ರೆ. ಯುರೋಪಿನ ಮಾಲಿಗೆ ಅದು ಇರುತ್ತದೆ, ಅದರಲ್ಲಿ ಕಾರ್ಖಾನೆಯ ನಂಬರು, ಮೇಲೆ ದೇಶದ ಎರಡಕ್ಷರ. ಸ್ಪೇನಿಗೆ ಇ ಮತ್ತು ಎಸ್ ಯಾಕೆಂದು ಕೇಳಿದೆ. ಅವರ ಭಾಷೆಯಲ್ಲಿ ಆ ದೇಶಕ್ಕೆ ಎಸ್ಪಾನ್ಯ ಅಂತಾರೆ ಅಂದರು. ಹಾಗಾದರೆ ಈ ಹಂದಿ ಹುಟ್ಟಿ ಬೆಳೆದದ್ದೂ ಅಲ್ಲೇ ಏನು ಅಂದೆ.

"ಅದು ಹೇಳ್ಲಿಕ್ಕೆ ಬರೋದಿಲ್ಲ ಅಕ್ಕ. ಸಾಕಿದ್ದು ಒಂದು ದೇಶ, ಹ್ಯಾಮ್ ಮಾಡಿದ್ದು ಇನ್ನೊಂದು ದೇಶ ಇರ್ಲಿಕ್ಕೂ ಸಾಕು. ಚೀಟಿಯಲ್ಲಿ ಎಷ್ಟು ಉಂಟೋ ಅಷ್ಟೇ ಹೇಳಿ. ಇಲ್ಲದ್ದನ್ನು ನಾವು ಸೇರಿಸ್ಲಿಕ್ಕೆ ಹೋಗ್ಬಾರ್ದು."

ಅವತ್ತೇ ಒಂದು ಸಣ್ಣ ನೋಟ್‌ಬುಕ್ ತಗೊಂಡೆ. ಎಡಗಡೆ ಇಂಗ್ಲಿಷಿನ ಎರಡಕ್ಷರ, ಬಲಗಡೆ ಕನ್ನಡದಲ್ಲಿ ದೇಶದ ಹೆಸರು. ಬೆಳಿಗ್ಗೆ ಘಾಟ್‌ಕೋಪರ್‌ವರೆಗಿನ ಲೋಕಲ್ ರೈಲಿನಲ್ಲಿ ಅದನ್ನು ತೆಗೆಯುವುದು ಆಗದ ಮಾತು, ಕೈ ಆಡಿಸಲೂ ಜಾಗವಿರುವುದಿಲ್ಲ. ಅಲ್ಲಿಂದ ಮುಂದೆ ಮೆಟ್ರೋದಲ್ಲಿ ಓದುತ್ತಿದ್ದೆ. ಮಾಂಸದ ಬಗ್ಗೆ ಇದ್ದ ಮುಜುಗರ ಯಾವಾಗ ಕಡಿಮೆಯಾಯಿತೋ ತಿಳಿಯಲಿಲ್ಲ. ಇಂದಿಗೂ ನಾನು ಅದನ್ನು ತಿನ್ನುವುದಿಲ್ಲ, ಆದರೆ ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ ಓದಿ ಹೇಳುವುದು ಹಿತವೆನಿಸತೊಡಗಿತು.

ಮುಂದಿನ ಮಳೆಗಾಲದಲ್ಲಿ ಒಂದು ಶನಿವಾರ ಬೆಳಿಗ್ಗೆ ಸಾಸೇಜಿನ ಹೊಸ ಮಾಲು ಬಂತು. ಇಲ್ಲಿನ ವ್ಯಾಪಾರಿ ಅಂಟಿಸಿದ ಬಿಳಿ ಸ್ಟಿಕರ್ ಮೇಲೆ ಇಟಲಿ ಎಂದಿತ್ತು. ಮೂಲೆಯ ಮುದ್ರೆಯಲ್ಲಿದ್ದದ್ದು ಡಿ ಮತ್ತು ಕೆ. ನೋಟ್‌ಬುಕ್ ತೆಗೆದು ನೋಡಿದೆ, ಡೆನ್ಮಾರ್ಕ್. ಇನ್ನೊಂದು ಪೊಟ್ಟಣ ಎತ್ತಿದೆ, ಅದೂ ಹಾಗೆಯೇ. ಡಬ್ಬದಲ್ಲಿದ್ದ ಒಂದನ್ನೂ ಬಿಡದೆ ನೋಡಿ, ಮ್ಯಾನೇಜರಿಗೆ ಹೇಳಿದೆ. ಅವರು ಗಡಿಬಿಡಿಯಲ್ಲಿದ್ದರು. ಸ್ಟಿಕರ್ ಅಂಟಿಸಿದವರ ಜವಾಬ್ದಾರಿ ಅದು, ನೀವು ಸುಮ್ಮನೆ ಫ್ರೀಜರಿಗೆ ಇಡಿ ಅಂದರು.

ನಾನು ಇಡಲಿಲ್ಲ. ನನ್ನ ಹರಕುಮುರುಕು ಹಿಂದಿಯಲ್ಲಿ, "ಸರ್, ಜನ ಬಂದು ಕೇಳುವುದು ನನ್ನನ್ನು. ನಾನು ಯಾವ ದೇಶ ಅಂತ ಹೇಳಲಿ?" ಎಂದೆ.

ಹಿರಿಯರು ಕೈ ಒರೆಸಿಕೊಂಡು ಬಂದು, ಪೊಟ್ಟಣ ನೋಡಿ, ಇವರು ಹೇಳುವುದು ಸರಿ ಎಂದರು. ಮ್ಯಾನೇಜರು ಬೇಸರದಿಂದಲೇ ಒಂದು ಸ್ಟಿಕರ್ ಕಿತ್ತರು. ಅದರಡಿ ಕಂಪನಿಯೇ ಅಚ್ಚು ಹಾಕಿದ, ತಿನ್ನಬಹುದಾದ ಕೊನೆಯ ದಿನಾಂಕವಿತ್ತು. ಸ್ಟಿಕರ್ ಮೇಲಿದ್ದ ದಿನಾಂಕಕ್ಕಿಂತ ಅದು ಮೂರು ತಿಂಗಳು ಮುಂಚಿನದು. ಆಗ ಅವರ ಮುಖ ಬದಲಾಯಿತು. ಅಲ್ಲಿಂದಲೇ ವ್ಯಾಪಾರಿಗೆ ಫೋನು ಹಚ್ಚಿದರು. ಎರಡು ಮಾಲಿನ ಸ್ಟಿಕರ್‌ಗಳು ಗೋದಾಮಿನಲ್ಲಿ ಅದಲುಬದಲಾಗಿದ್ದವೆಂದು ಸಂಜೆ ಉತ್ತರ ಬಂತು. ಅಷ್ಟೂ ಡಬ್ಬ ವಾಪಸ್ ಹೋದವು.

ಎರಡು ದಿನ ಮ್ಯಾನೇಜರು ನನ್ನೊಂದಿಗೆ ಮಾತಾಡಲಿಲ್ಲ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ಮೂರನೆಯ ದಿನ ಕರೆದು, ಇನ್ನು ಮೇಲೆ ಪರದೇಶದ ಮಾಂಸದ ಮಾಲು ಮೊದಲು ನೀವು ನೋಡಬೇಕು, ನಿಮ್ಮ ಸಹಿ ಆದ ಮೇಲೆಯೇ ಒಳಗೆ ಹೋಗಬೇಕು ಎಂದರು. ರಿಜಿಸ್ಟರಿನಲ್ಲಿ ಮೊದಲ ಸಹಿ ಕನ್ನಡದಲ್ಲೇ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಗಂಡ ಹೂಂ ಹೂಂ ಅನ್ನುತ್ತ ಕೇಳಿದ. ಒಂದು ವಾರ ಕಳೆದ ಮೇಲೆ ಟೈಲ್ಸ್ ಡಬ್ಬದ ಒಂದು ರಟ್ಟಿನ ಚೂರು ಹರಿದು ತಂದ. ಸೈಟಿನಲ್ಲಿ ಎಲ್ಲರೂ ಇದಕ್ಕೆ ಇಟಾಲಿಯನ್ ಅನ್ನುತ್ತಾರಂತೆ. ದೊಡ್ಡ ಅಕ್ಷರದಲ್ಲಿ ಹಾಗೆಯೇ ಇತ್ತು, ಪಕ್ಕದಲ್ಲಿ ಸ್ಟೈಲ್ ಎಂದು ಸಣ್ಣಗೆ. ಕೆಳಗೆ ತಯಾರಾದ ಜಾಗ ಗುಜರಾತ್ ಎಂದಿತ್ತು, ಓದಿ ಹೇಳಿದೆ.

"ಏಳು ವರ್ಷ ಆತು ಇವನ್ನ ಕೂಡ್ರಿಸಾಕ ಹತ್ತಿ," ಅಂದು ಅವನು ನಕ್ಕ ನಗೆಗೆ ಪಕ್ಕದ ಖೋಲಿಯವರು ಇಣುಕಿದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ನನಗೂ ಇಂಗ್ಲಿಷ್ ಅಕ್ಷರ ಕಲಿಸ್ತೀಯೇನು?" ಎಂದು ಕೇಳಿದ. ಅವನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಭಾನುವಾರ ಚಹಾ ಕುಡಿದು ಕೂತೆವು. ಊಟದ ಹೊತ್ತಿಗೆ ಜಿ ಅಕ್ಷರದವರೆಗೆ ಬಂದಿದ್ದ.