ನೀರು ತಿಳಿ ಮಾಡುತ್ತಿದ್ದ ಮಾವ

ಮೊನ್ನೆ ಹರೂರಿನ ನಮ್ಮ ಆಫೀಸಿನ ಮಹಡಿ ಮೇಲಿನ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಸುರಿದರು. ಅದರ ಘಾಟು ಮೆಟ್ಟಿಲಿಳಿದು ನನ್ನ ಮೇಜಿನವರೆಗೂ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ನಂಗವಳ್ಳಿ ಕಡೆಯ ಆ ನೀರು ಶುದ್ಧೀಕರಣ ಘಟಕ, ಅದರ ಮುಂದೆ ಖಾಕಿ ಅಂಗಿಯ ತೋಳು ಮಡಚಿ ನಿಲ್ಲುತ್ತಿದ್ದ ಆಪರೇಟರ್ ಮಾವ...

ಮೆಟ್ಟೂರಿನಿಂದ ಬರುವ ಕಾವೇರಿ ನೀರನ್ನು ಅಲ್ಲಿ ಶುದ್ಧ ಮಾಡಿ ಸುತ್ತಲಿನ ಊರುಗಳಿಗೆ ಬಿಡುತ್ತಿದ್ದರು. ಕೆಮಿಸ್ಟ್ರಿ ಓದಿದ್ದ ನಾನು ನೀರು ಪರೀಕ್ಷೆ ಮಾಡಲು ಕಾಂಟ್ರಾಕ್ಟ್ ಮೇಲೆ ಸೇರಿದ್ದೆ. ಅಲ್ಲಿ ಎಲ್ಲರದೂ ತಮಿಳು. ಮೊದಲ ದಿನ ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದು ಕೇಳಿ ಆ ಆಪರೇಟರ್ ಹತ್ತಿರ ಬಂದರು.

"ನಮ್ಮ ಮಾತೋಳಾ ನೀನು? ಅಂಗಾದ್ರೆ ಬಾರವ್ವಾ. ಇಲ್ಲಿ ಬಂದೋರು ಯಾರೂ ನಿಲ್ಲಕಿಲ್ಲ. ನೀನಾದ್ರೂ ಕಲ್ತ್ಕೋ."

ಅಂದಿನಿಂದ ಅವರು ನನಗೆ ಮಾವ.

ಅವರು ಓದಿದ್ದು ಎಂಟನೇ ಕ್ಲಾಸು. ಮಳೆಗಾಲದ ಹೊಸ ನೀರು ಕೆಂಪಗೆ ಬಂದಾಗ ಒಂದು ಗಾಜಿನ ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಕೆಸರು ಇಳಿಸಲು ಪಟಿಕ ಎಷ್ಟು ಬೇಕೆಂದು ಹೇಳಿಬಿಡುತ್ತಿದ್ದರು. ನಾನು ಆರು ಜಾಡಿಗಳಲ್ಲಿ ಬೇರೆ ಬೇರೆ ಅಳತೆಯ ಪಟಿಕ ಹಾಕಿ ಕಲಕಿ, ಕಾದು, ಕೊನೆಗೆ ಅವರು ಹೇಳಿದಲ್ಲಿಗೇ ಬರುತ್ತಿದ್ದೆ. ಮೆಲ್ಲಗೆ ನನ್ನ ಕಣ್ಣಿಗೂ ಕಾಣತೊಡಗಿತು... ಕೆಸರು ಹಿಂಜಿದ ಹತ್ತಿಯ ಹಾಗೆ ಕೂಡಿಕೊಂಡು ತಳಕ್ಕಿಳಿಯುವುದು, ಪಟಿಕ ಕಮ್ಮಿಯಾದರೆ ನೀರಲ್ಲೇ ಉಳಿಯುವ ತೆಳ್ಳನೆಯ ಮಬ್ಬು.

ಕ್ಲೋರಿನ್ ಕೋಣೆಯಲ್ಲಿ ಮಾತ್ರ ಅವರು ಕಠಿಣ. ಮುಖಕ್ಕೆ ಮಾಸ್ಕ್ ಹಾಕಿಸಿ, ಸಿಲಿಂಡರಿನ ವಾಲ್ವನ್ನು ಕೈಗೆ ರೂಢಿಯಾಗುವ ತನಕ ತೆಗೆಸಿ ಮುಚ್ಚಿಸಿದರು. "ವಾಸ್ನೆ ಬಂದ್ರೆ ಮೊದ್ಲು ಗಾಳಿ ಯಾವ ಕಡೆಯಿಂದ ಬತ್ತೈತೆ ನೋಡು. ಅದಕ್ಕೆ ಎದುರಾಗಿ ಓಡು. ತಗ್ಗಿಗೆ ಇಳೀಬೇಡ, ಗ್ಯಾಸು ಅಲ್ಲೇ ಕುಂತಿರ್ತೈತೆ."

ನನಗಿಂತ ಮುಂಚೆಯೂ ಅವರು ಅನೇಕರಿಗೆ ಕಲಿಸಿದ್ದರು. ಕಾಂಟ್ರಾಕ್ಟ್ ಬದಲಾದಾಗಲೆಲ್ಲ ಜನವೂ ಬದಲಾಗುತ್ತಿದ್ದರು. ಕಲಿತವರನ್ನು ಖಾಯಂ ಮಾಡಿ ಎಂದು ಬಂದ ಅಧಿಕಾರಿಗಳನ್ನೆಲ್ಲ ಅವರು ಕೇಳುತ್ತಿದ್ದರು. "ಪಾಕ್ಕಲಾಂ" ಎನ್ನುತ್ತಿದ್ದರು ಅಧಿಕಾರಿಗಳು. ನೋಡೋಣ ಎಂದು ಜೀಪು ಹತ್ತಿದವರು ಮತ್ತೆ ನೋಡಿದ್ದಿಲ್ಲ.

ಮೂರು ವರ್ಷವಾದ ಮೇಲೆ ನನಗೆ ಹರೂರಿನಲ್ಲಿ ಗುಮಾಸ್ತೆಯ ಸರ್ಕಾರಿ ಕೆಲಸ ಸಿಕ್ಕಿತು. ಮಾವನಿಗೆ ಹೇಳುವುದನ್ನು ಎರಡು ದಿನ ಮುಂದೂಡಿದೆ. ಕೊನೆಗೆ ಹೇಳಿದಾಗ ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಒರೆಸುತ್ತಾ ನಿಂತರು.

"ಓಗವ್ವಾ. ಇರು ಅನ್ನಕೆ ನನ್ ತಾವ ಏನೈತೆ?"

ಅಷ್ಟೇ. ನಾನು ಹೋದೆ. ಮರುವರ್ಷ ಅವರೂ ನಿವೃತ್ತರಾದರು.

ಅದಾದ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಘಟಕದಲ್ಲಿ ಸಿಲಿಂಡರಿನಿಂದ ಗ್ಯಾಸು ಸೋರಿತು. ಇದ್ದ ಇಬ್ಬರೂ ಹೊಸಬರು; ಯಾರೂ ಅವರಿಗೆ ಏನೂ ಕಲಿಸಿರಲಿಲ್ಲ. ಮಾಸ್ಕುಗಳು ಸ್ಟೋರಿನಲ್ಲಿ ಬೀಗದೊಳಗಿದ್ದವು. ಒಬ್ಬ ಹೊರಗೆ ಓಡಿ ಬಂದ, ಇನ್ನೊಬ್ಬ ಒಳಗೇ ಬಿದ್ದ. ಘಟಕದ ಹತ್ತಿರವೇ ಮನೆಯಿದ್ದ ಮಾವ ಕೂಗು ಕೇಳಿ ಬಂದು, ಒದ್ದೆ ಟವೆಲನ್ನು ಮುಖಕ್ಕೆ ಸುತ್ತಿಕೊಂಡು ನುಗ್ಗಿದರಂತೆ. ಬಿದ್ದವನನ್ನು ಹೊರಗೆ ಎಳೆದು ಹಾಕಿ, ಮತ್ತೆ ಒಳಹೊಕ್ಕು ವಾಲ್ವ್ ಮುಚ್ಚಿದರಂತೆ.

ಅವನು ಉಳಿದುಕೊಂಡ. ಮಾವ ಸೇಲಂ ಆಸ್ಪತ್ರೆಯಿಂದ ಮನೆಗೆ ಬಂದರೂ ಉಸಿರು ಮೊದಲಿನಂತಾಗಲಿಲ್ಲ.

ನಾನು ನೋಡಲು ಹೋದಾಗ ದಿಂಬುಗಳಿಗೆ ಒರಗಿ ಕೂತಿದ್ದರು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. "ನೀನಿದ್ದಿದ್ರೆ... ನಾನ್ ಬರೋದ್ರೊಳಗೆ ನೀನೇ ವಾಲ್ವ್ ಮುಚ್ಚಿರ್ತಿದ್ದೆ" ಎಂದರು. ದೂರುವ ದನಿಯಲ್ಲ. ಹೆಮ್ಮೆಯಿಂದಲೇ ಅಂದರು. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಅತ್ತೆ ಗಾಜಿನ ಲೋಟದಲ್ಲಿ ನಲ್ಲಿ ನೀರು ತಂದುಕೊಟ್ಟರು. ಮಾವ ಕುಡಿಯಲಿಲ್ಲ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿಸಿದರು.

"ನೋಡು. ಏನ್ ಕಮ್ಮಿ ಆಗೈತೆ, ಯೋಳು."

ನೋಡಿದೆ. ನನ್ನ ಕಣ್ಣಿಗೆ ಅದು ಬರೀ ನೀರು. ಎಷ್ಟು ನೋಡಿದರೂ ನೀರೇ...

"ಮರ್ತೋಯ್ತಾ?"

ಅವರು ಗುಟುಕು ಗುಟುಕಾಗಿ ಆ ನೀರನ್ನು ಕುಡಿದರು.

ಆ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಅವರು ಹೋಗಿಬಿಟ್ಟರು. ಸುದ್ದಿ ಬಂದಾಗ ನಾನು ಆಫೀಸಿನಲ್ಲಿದ್ದೆ. ನಾನು ಬಸ್ಸಿಳಿದು ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಈಗ ನನ್ನ ಮೇಜಿಗೆ ನೀರಿನ ದೂರುಗಳೂ ಬರುತ್ತವೆ. ಕದಡಿದ ನೀರು, ವಾಸನೆ ನೀರು ಎಂದು ಜನ ಬರೆದುಕೊಡುತ್ತಾರೆ. ಸೀಲು ಹಾಕಿ ಮುಂದಕ್ಕೆ ಕಳಿಸುತ್ತೇನೆ. ನೀವು ಮೊದಲು ನೀರಿನ ಕೆಲಸದಲ್ಲಿ ಇದ್ದಿರಂತಲ್ಲ ಎಂದು ಹೋದ ವಾರ ದೂರು ತಂದ ಒಬ್ಬಾಕೆ ಕೇಳಿದಳು.

ಇಲ್ಲ ಎಂದೆ.